‘ಹರಿದ ನರತಂತು’ ಎಂಬ ವಿವರಣೆ: ಒಂದು ವಿಮರ್ಶೆ

ತಲೆಗೆ ಪೆಟ್ಟು ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದಾಗ ಬಂಧುಗಳು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಬುರುಡೆ ಒಡೆದಿದೆಯೆ? ಒಳಗೆ ರಕ್ತ ಹೆಪ್ಪುಗಟ್ಟಿದೆಯೆ? ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಬುರುಡೆ ಒಡೆಯದೆ, ದೊಡ್ಡ ರಕ್ತಸ್ರಾವವೂ ಆಗದೆ, ವ್ಯಕ್ತಿ ತಿಂಗಳುಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿರಬಹುದು. ಪ್ರಜ್ಞೆ ಬಂದ ಮೇಲೂ ಮಾತು, ನೆನಪು, ಗಮನ ಮೊದಲಿನಂತಾಗದೆ ಹೋಗಬಹುದು. ಇದಕ್ಕೆ ಒಂದು ಮುಖ್ಯ ಕಾರಣ ಮಿದುಳಿನ ಬಿಳಿದ್ರವ್ಯಕ್ಕೆ ಆದ ಗಾಯ.

ಈ ಗಾಯವನ್ನು ವಿವರಿಸುವಾಗ ಪಠ್ಯಪುಸ್ತಕಗಳೂ ಪತ್ರಿಕೆಗಳೂ ಬಳಸುವ ಒಂದು ಸಿದ್ಧ ವಾಕ್ಯವಿದೆ: ‘ಪೆಟ್ಟಿನ ರಭಸಕ್ಕೆ ನರತಂತುಗಳು ಹರಿದುಹೋಗುತ್ತವೆ.’ ಕೇಳಲು ಸರಳ, ನೆನಪಿಡಲು ಸುಲಭ. ಆದರೆ ಅದು ಎಷ್ಟು ನಿಜ? ಈ ವಿವರಣೆ ಎಲ್ಲಿಂದ ಬಂತು, ಅದರಲ್ಲಿ ಯಾವ ಭಾಗ ಗಟ್ಟಿ, ಯಾವ ಭಾಗ ಪೊಳ್ಳು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇದು ಬರಿಯ ಶಬ್ದಗಳ ಚರ್ಚೆ ಎಂದು ದಯವಿಟ್ಟು ಭಾವಿಸಬೇಡಿ. ಗಾಯಗೊಂಡವನನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಎಂಬುದು ಈ ವಿವರಣೆಯನ್ನು ಅವಲಂಬಿಸಿದೆ.

ಬಿಳಿದ್ರವ್ಯ ಎಂದರೇನು?

ಮಿದುಳನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಹೊರ ಅಂಚಿನಲ್ಲಿ ಬೂದುಬಣ್ಣದ ಪದರವೂ ಅದರ ಒಳಗೆ ಬಿಳಿಯ ಭಾಗವೂ ಕಾಣುತ್ತವೆ. ಬೂದುದ್ರವ್ಯದಲ್ಲಿ ನರಕೋಶಗಳ ಕಾಯಗಳಿವೆ. ಆ ಕೋಶಗಳಿಂದ ಹೊರಟ ನೀಳ ಎಳೆಗಳಾದ ಆಕ್ಸಾನ್‌ಗಳು ಕಟ್ಟುಕಟ್ಟಾಗಿ ಸಾಗುವ ಭಾಗವೇ ಬಿಳಿದ್ರವ್ಯ. ಆಕ್ಸಾನಿನ ಸುತ್ತ ಇರುವ ಕೊಬ್ಬಿನಂಶದ ಮಯಲಿನ್ ಹೊದಿಕೆ ಅದಕ್ಕೆ ಬಿಳಿ ಬಣ್ಣ ಕೊಡುತ್ತದೆ. ಎಡ ಬಲ ಅರೆಗೋಳಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್ ಒಂದರಲ್ಲೇ ಸುಮಾರು 20 ಕೋಟಿ ಆಕ್ಸಾನ್‌ಗಳಿವೆ. ಡೆನ್ಮಾರ್ಕಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 20 ವರ್ಷದ ಗಂಡಸಿನ ಮಿದುಳಿನಲ್ಲಿರುವ ಮಯಲಿನ್ ಹೊದ್ದ ತಂತುಗಳನ್ನು ಒಂದರ ತುದಿಗೆ ಒಂದನ್ನು ಜೋಡಿಸಿದರೆ ಉದ್ದ ಸುಮಾರು 1,76,000 ಕಿಲೋಮೀಟರ್ ಆಗುತ್ತದೆ. ಭೂಮಿಯನ್ನು ನಾಲ್ಕು ಸಲಕ್ಕಿಂತ ಹೆಚ್ಚು ಸುತ್ತುವಷ್ಟು!

ತರಗತಿಯಲ್ಲಿ ನಾವು ಆಕ್ಸಾನನ್ನು ವಿದ್ಯುತ್ ತಂತಿಗೆ ಹೋಲಿಸುತ್ತೇವೆ. ಸಂಕೇತ ಸಾಗುವುದನ್ನು ಕಲಿಸಲು ಈ ಹೋಲಿಕೆ ಸಾಕು, ಗಾಯವನ್ನು ಅರಿಯಲು ಸಾಲದು. ತಾಮ್ರದ ತಂತಿಗೆ ಎರಡೇ ಸ್ಥಿತಿ: ಇದ್ದರೆ ಇದೆ, ತುಂಡಾದರೆ ತುಂಡು. ಆಕ್ಸಾನ್ ಜೀವಂತ ಕೋಶದ ಭಾಗ. ಅದರೊಳಗೆ ಮೈಕ್ರೋಟ್ಯೂಬ್ಯೂಲ್ ಎಂಬ ಸೂಕ್ಷ್ಮ ಕೊಳವೆಗಳ ಹಳಿಯಿದೆ. ಕೋಶಕಾಯದಲ್ಲಿ ತಯಾರಾದ ಪ್ರೋಟೀನುಗಳು ಆ ಹಳಿಯ ಮೇಲೆ ತುದಿಯವರೆಗೆ ಸಾಗುತ್ತವೆ. ವೇಗದ ಸಾಗಣೆಯಾದರೆ ದಿನಕ್ಕೆ 200ರಿಂದ 400 ಮಿಲಿಮೀಟರ್. ಈ ಸಾಗಣೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕತೆಗೆಲ್ಲ ಇದೇ ಕೀಲಿ.

ಆಕ್ಸ್‌ಫರ್ಡಿನ ಎರಡು ಕೊಡುಗೆಗಳು

ಮೊದಲನೆಯ ಕೊಡುಗೆ ಭೌತಶಾಸ್ತ್ರದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನ ನರಶಸ್ತ್ರತಜ್ಞ ಹ್ಯೂ ಕೇರ್ನ್ಸ್ ಅವರು ಮೋಟಾರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನೂ ಹೆಲ್ಮೆಟ್ಟಿನ ಉಪಯೋಗವನ್ನೂ ಅಧ್ಯಯನ ಮಾಡುತ್ತಿದ್ದರು. ಅವರ ಜೊತೆಗಿದ್ದ ಭೌತವಿಜ್ಞಾನಿ ಹೋಲ್‌ಬೋರ್ನ್ 1943ರಲ್ಲಿ ಒಂದು ಸರಳ ವಾದ ಮಂಡಿಸಿದರು. ಮಿದುಳನ್ನು ಹಿಸುಕಿ ಅದರ ಗಾತ್ರ ಕುಗ್ಗಿಸುವುದು ನೀರನ್ನು ಕುಗ್ಗಿಸಿದಷ್ಟೇ ಕಷ್ಟ. ಆದರೆ ಅದರ ಆಕಾರ ಬದಲಿಸುವುದು ಬಹಳ ಸುಲಭ. ಹಾಗಾಗಿ ತಲೆ ನೇರವಾಗಿ ಮುಂದಕ್ಕೋ ಹಿಂದಕ್ಕೋ ಚಲಿಸಿದರೆ ಒಳಗಿನ ದ್ರವ್ಯಕ್ಕೆ ಆಗುವ ಹಾನಿ ಕಡಿಮೆ, ತಲೆ ಥಟ್ಟನೆ ತಿರುಗಿದರೆ ಹಾನಿ ಹೆಚ್ಚು. ಜೆಲಾಟಿನಿನಿಂದ ಮಿದುಳಿನ ಮಾದರಿ ಮಾಡಿ, ಅದು ಎಲ್ಲಿ ಹೆಚ್ಚು ವಿರೂಪಗೊಳ್ಳುತ್ತದೆ ಎಂಬುದನ್ನೂ ಅವರು ತೋರಿಸಿದರು.

ಇದನ್ನು ನೀವು ಶಾಲೆಯಲ್ಲೇ ಮಾಡಿ ನೋಡಬಹುದು. ಮುಚ್ಚಳವಿರುವ ದುಂಡು ಡಬ್ಬಿಯೊಂದರಲ್ಲಿ ಹಾಲಿಗೆ ಹೆಪ್ಪು ಹಾಕಿ, ಅಂಚಿನವರೆಗೆ ತುಂಬಿ ಗಟ್ಟಿ ಮೊಸರು ಮಾಡಿ. ಡಬ್ಬಿಯನ್ನು ಮೇಜಿನ ಮೇಲೆ ನೇರವಾಗಿ ಸರಿಸಿ ನಿಲ್ಲಿಸಿ, ಮುಚ್ಚಳ ತೆಗೆದು ನೋಡಿ. ಆಮೇಲೆ ಅದನ್ನೇ ಕೈಯಲ್ಲಿ ಹಿಡಿದು ಥಟ್ಟನೆ ತಿರುಚಿ ನಿಲ್ಲಿಸಿ. ಡಬ್ಬಿ ತಿರುಗಿದರೂ ಒಳಗಿನ ಮೊಸರು ಹಿಂದುಳಿಯುತ್ತದೆ. ಅಂಚಿನ ಪದರಕ್ಕೂ ನಡುವಣ ಪದರಕ್ಕೂ ಹೊಂದಾಣಿಕೆ ತಪ್ಪಿ ಮೊಸರು ಬಿರಿಯುತ್ತದೆ. ಪದರಗಳು ಒಂದರ ಮೇಲೊಂದು ಜಾರುವ ಈ ಬಗೆಯ ವಿರೂಪಕ್ಕೆ ಭೌತಶಾಸ್ತ್ರದಲ್ಲಿ ‘ಷಿಯರ್’ ಎಂದು ಹೆಸರು. ಇಸ್ಪೀಟು ಕಟ್ಟನ್ನು ಪಕ್ಕಕ್ಕೆ ಒತ್ತಿದಾಗ ಎಲೆಗಳು ಜಾರಿ ಓರೆಯಾಗುವುದೂ ಷಿಯರ್ ವಿರೂಪವೇ. ಗಮನಿಸಿ: ಇಲ್ಲಿ ಎಲೆಗಳು ಜಾರುತ್ತವೆ, ಯಾವ ಎಲೆಯೂ ಹರಿಯುವುದಿಲ್ಲ.

ಎರಡನೆಯ ಕೊಡುಗೆ ರೋಗಶಾಸ್ತ್ರದ್ದು. ಅದೇ ಊರಿನ ಸಬೀನಾ ಸ್ಟ್ರಿಚ್ 1956ರಲ್ಲಿ ಐದು ರೋಗಿಗಳ ಮಿದುಳುಗಳ ಪರೀಕ್ಷೆಯನ್ನು ಪ್ರಕಟಿಸಿದರು. ಇವರೆಲ್ಲ ತಲೆಪೆಟ್ಟಿನ ನಂತರ ತೀವ್ರ ಬುದ್ಧಿವೈಕಲ್ಯಕ್ಕೆ ಒಳಗಾಗಿ, ತಿಂಗಳುಗಟ್ಟಲೆ ಬದುಕಿದ್ದು ತೀರಿಕೊಂಡವರು. ಬುರುಡೆಯೊಳಗೆ ಅವರ ದುಃಸ್ಥಿತಿಯನ್ನು ವಿವರಿಸಬಲ್ಲ ದೊಡ್ಡ ರಕ್ತದ ಗಡ್ಡೆ ಇರಲಿಲ್ಲ. ಆದರೆ ಸೂಕ್ಷ್ಮದರ್ಶಕದಡಿ ಬಿಳಿದ್ರವ್ಯವೆಲ್ಲ ವ್ಯಾಪಕವಾಗಿ ಕ್ಷೀಣಿಸಿತ್ತು. 1961ರಲ್ಲಿ 20 ಮಂದಿಯ ಮಿದುಳುಗಳ ಅಧ್ಯಯನವನ್ನು ಅವರು ಪ್ರಕಟಿಸಿದಾಗ ಶೀರ್ಷಿಕೆಯಲ್ಲೇ ‘ನರತಂತುಗಳ ಷಿಯರಿಂಗ್’ ಎಂಬ ಪದವಿತ್ತು. ಹೋಲ್‌ಬೋರ್ನರ ಭೌತಶಾಸ್ತ್ರವೂ ಸ್ಟ್ರಿಚ್ಚರ ಸೂಕ್ಷ್ಮದರ್ಶಕವೂ ಒಂದನ್ನೊಂದು ಕೂಡಿಕೊಂಡವು. ತಲೆ ತಿರುಗಿದ ಕ್ಷಣದಲ್ಲೇ ತಂತುಗಳು ಜಗ್ಗಿಯೋ ಹರಿದೋ ಹಾಳಾಗಿರಬೇಕು ಎಂಬುದು ತೀರ್ಮಾನ.

ಪದ ಮಾಡಿದ ಅವಾಂತರ

ಸ್ಟ್ರಿಚ್ಚರ ವೀಕ್ಷಣೆ ಅಪ್ಪಟ. ಬುರುಡೆಯ ಬಿರುಕು, ರಕ್ತದ ಗಡ್ಡೆಗಳನ್ನಷ್ಟೇ ಹುಡುಕುತ್ತಿದ್ದ ಕಾಲದಲ್ಲಿ ಬಿಳಿದ್ರವ್ಯದ ಕಡೆ ಕಣ್ಣು ಹಾಯಿಸಿದ್ದು ಅವರ ಹಿರಿಮೆ. ಆದರೆ ಅವರು ನೋಡಿದ್ದು ಕತೆಯ ಕೊನೆಯ ಪುಟವನ್ನು. ಪೆಟ್ಟು ಬಿದ್ದದ್ದಕ್ಕೂ ಮಿದುಳು ಪರೀಕ್ಷೆಗೆ ಬಂದದ್ದಕ್ಕೂ ನಡುವೆ ತಿಂಗಳುಗಳೇ ಕಳೆದಿದ್ದ ಪ್ರಕರಣಗಳಿಂದ, ಮೊದಲ ಕ್ಷಣದಲ್ಲಿ ಏನಾಯಿತೆಂದು ನೇರವಾಗಿ ತಿಳಿಯಲು ಸಾಧ್ಯವಿರಲಿಲ್ಲ. ಆ ತೆರಪನ್ನು ‘ಷಿಯರಿಂಗ್’ ಎಂಬ ಪದ ತುಂಬಿತು.

ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡು ಅರ್ಥ. ಭೌತಶಾಸ್ತ್ರಜ್ಞನಿಗೆ ಅದು ಪದರಗಳ ಜಾರುವಿಕೆ. ಜನಬಳಕೆಯಲ್ಲಿ ಕುರಿಯ ಉಣ್ಣೆ ಕತ್ತರಿಸುವುದು. ಹೋಲ್‌ಬೋರ್ನ್ ಹೇಳಿದ್ದು ಮೊದಲನೆಯದು. ಓದಿದವರ ಮನಸ್ಸಿನಲ್ಲಿ ಉಳಿದದ್ದು ಎರಡನೆಯದು. ‘ಜಗ್ಗಿಯೋ ಹರಿದೋ’ ಎಂಬಲ್ಲಿನ ‘ಜಗ್ಗಿ’ ಬಿದ್ದುಹೋಗಿ ‘ಹರಿದು’ ಮಾತ್ರ ಪಠ್ಯಪುಸ್ತಕಗಳಿಗೆ ಇಳಿಯಿತು. ಕನ್ನಡಕ್ಕೆ ತಂದವರೂ ಅದನ್ನೇ ಹಿಡಿದರು. ಪಾರಿಭಾಷಿಕ ಪದವೊಂದನ್ನು ಅದರ ಆಡುಮಾತಿನ ಅರ್ಥದಲ್ಲಿ ಅನುವಾದಿಸಿದರೆ ಎಂಥ ತಪ್ಪು ಕಲ್ಪನೆ ಬೇರೂರಬಹುದು ಎಂಬುದಕ್ಕೆ ಇದೊಂದು ಪಾಠ.

ನಿಧಾನವಾಗಿ ಕಡಿಯುವ ಎಳೆ

ಹರಿದುಹೋಗುವ ಕಲ್ಪನೆಗೆ ಸವಾಲು ಬಂದದ್ದು 1980ರ ದಶಕದಲ್ಲಿ. 1982ರಲ್ಲಿ ಅಮೆರಿಕದ ಜೆನೆರೆಲಿ ಮತ್ತು ಸಂಗಡಿಗರು 45 ಕೋತಿಗಳ ತಲೆಯನ್ನು ಯಾವುದಕ್ಕೂ ಬಡಿಯದೆ, ಕೇವಲ ವೇಗವಾಗಿ ತಿರುಗಿಸಿ, ದೀರ್ಘ ಕೋಮಾವನ್ನೂ ಬಿಳಿದ್ರವ್ಯದ ವ್ಯಾಪಕ ಗಾಯವನ್ನೂ ಉಂಟುಮಾಡಿದರು. ತಲೆ ಪಕ್ಕಕ್ಕೆ ತಿರುಗಿದಾಗ ಗಾಯ ಅತ್ಯಂತ ತೀವ್ರ. ಹೋಲ್‌ಬೋರ್ನರ ಭೌತಶಾಸ್ತ್ರ ಇಲ್ಲಿ ಗೆದ್ದಿತು. ಆಮ್ಲಜನಕದ ಕೊರತೆಯಿಂದಲೋ ಮಿದುಳಿನ ಊತದಿಂದಲೋ ಈ ಹಾನಿ ಆಗುತ್ತದೆ ಎನ್ನುತ್ತಿದ್ದವರ ವಾದ ದುರ್ಬಲವಾಯಿತು. ಈ ಜ್ಞಾನಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು: ಅದೇ ಪ್ರಯೋಗಾಲಯದಲ್ಲಿ ಪ್ರಾಣಿಗಳನ್ನು ನಡೆಸಿಕೊಂಡ ರೀತಿಯ ಚಿತ್ರಣ 1984ರಲ್ಲಿ ಹೊರಬಿದ್ದು ಭಾರಿ ಪ್ರತಿಭಟನೆ ನಡೆಯಿತು, 1985ರಲ್ಲಿ ಸರ್ಕಾರದ ಅನುದಾನ ತಡೆಹಿಡಿಯಲಾಯಿತು.

1983ರಲ್ಲಿ ವರ್ಜೀನಿಯಾದ ಪೊವ್ಲಿಷಾಕ್ ತಂಡ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗ ಇನ್ನೂ ಮುಖ್ಯ. ಲಘು ಪೆಟ್ಟು ಕೊಟ್ಟು, ಆಕ್ಸಾನಿನೊಳಗೆ ಸಾಗುವ ಗುರುತುವಸ್ತುವನ್ನು ಬಳಸಿ ಅವರು ಗಂಟೆಗಂಟೆಗೂ ಆಗುವ ಬದಲಾವಣೆಯನ್ನು ಹಿಂಬಾಲಿಸಿದರು. ಪೆಟ್ಟಾದ ಕೂಡಲೆ ಆಕ್ಸಾನ್‌ಗಳು ತುಂಡಾಗಿರಲಿಲ್ಲ! ಮೊದಲು ಒಂದೆಡೆ ಸಾಗಣೆ ನಿಂತಿತು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಾಗ ಲಾರಿಗಳು ಸಾಲುಗಟ್ಟುವಂತೆ, ಬರುತ್ತಿದ್ದ ಸಾಮಗ್ರಿ ಅಲ್ಲೇ ಶೇಖರವಾಗಿ ಆಕ್ಸಾನ್ ಊದಿಕೊಂಡಿತು. ಕೆಲವು ಗಂಟೆಗಳ ನಂತರವೇ ಆ ಜಾಗದಲ್ಲಿ ಎಳೆ ಎರಡಾಯಿತು. ಪೆಟ್ಟಿನ ಕ್ಷಣದಲ್ಲೇ ತುಂಡಾಗುವುದು ಅತ್ಯಂತ ತೀವ್ರ ಗಾಯಗಳಲ್ಲಿ ಮಾತ್ರ ಎಂಬ ಅಭಿಪ್ರಾಯ ಕ್ರಮೇಣ ಬಲವಾಯಿತು.

ಹಾಗಾದರೆ ಆ ಮೊದಲ ಕ್ಷಣದಲ್ಲಿ ಏನಾಗುತ್ತದೆ? ಆಕ್ಸಾನಿನ ಗುಣ ಹದವಾದ ಬೆಲ್ಲದ ಪಾಕದಂತೆ. ನಿಧಾನವಾಗಿ ಎಳೆದರೆ ಹಿಗ್ಗುತ್ತದೆ, ಫಕ್ಕನೆ ಎಳೆದರೆ ಗಡುಸಾಗಿ ವರ್ತಿಸುತ್ತದೆ. ತಲೆ ಸೆಕೆಂಡಿನ ನೂರನೆಯ ಭಾಗದಷ್ಟು ಅವಧಿಯಲ್ಲಿ ತಿರುಗಿದಾಗ ಒಳಗಿನ ಮೈಕ್ರೋಟ್ಯೂಬ್ಯೂಲ್‌ಗಳು ಅಲ್ಲಲ್ಲಿ ಮುರಿಯುತ್ತವೆ, ಆದರೆ ಹೊರಪೊರೆ ಉಳಿದಿರುತ್ತದೆ. ಪೊರೆಯಲ್ಲಿನ ಸೋಡಿಯಂ ಮಾರ್ಗಗಳ ಹತೋಟಿ ತಪ್ಪಿ, ಅದರ ಬೆನ್ನಿಗೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕ್ಯಾಲ್ಸಿಯಂ ಹೆಚ್ಚಿದಾಗ ಕ್ಯಾಲ್ಪೇನ್ ಎಂಬ ಕಿಣ್ವ ಎಚ್ಚೆತ್ತು ಆಕ್ಸಾನಿನ ಅಸ್ಥಿಪಂಜರದಂತಿರುವ ಪ್ರೋಟೀನುಗಳನ್ನೇ ಕತ್ತರಿಸತೊಡಗುತ್ತದೆ. ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳೂ ಕೆಡುತ್ತವೆ. ಪೆಟ್ಟು ಈ ಸರಣಿಯನ್ನು ಶುರುಮಾಡುತ್ತದೆ. ಎಳೆಯನ್ನು ಕಡಿಯುವುದು ಬಹುಪಾಲು ಕೋಶದ್ದೇ ರಸಾಯನಕ್ರಿಯೆ.

1990ರ ದಶಕದಲ್ಲಿ ಮನುಷ್ಯರಲ್ಲೂ ಇದಕ್ಕೆ ಆಧಾರ ಸಿಕ್ಕಿತು. ಎಪಿಪಿ ಎಂಬ ಪ್ರೋಟೀನು ಸಾಗಣೆ ನಿಂತ ಜಾಗದಲ್ಲಿ ಶೇಖರವಾಗುತ್ತದೆ. ಅದಕ್ಕೆ ಅಂಟುವ ಪ್ರತಿಕಾಯವನ್ನು ಬಳಸಿದರೆ, ಹಳೆಯ ಬೆಳ್ಳಿಲೇಪ ವಿಧಾನದಲ್ಲಿ ಅರ್ಧ ದಿನದ ನಂತರ ಕಾಣುತ್ತಿದ್ದ ಗಾಯ 2-3 ಗಂಟೆಗಳಲ್ಲೇ ಕಾಣಿಸುತ್ತದೆ. ಆಸ್ಟ್ರೇಲಿಯದ ಬ್ಲಂಬರ್ಗ್ಸ್ ತಂಡ 1994ರಲ್ಲಿ, ಲಘು ತಲೆಪೆಟ್ಟಾಗಿ ನಂತರ ಬೇರೆ ಕಾರಣಗಳಿಂದ ತೀರಿಕೊಂಡ ಐವರ ಮಿದುಳುಗಳಲ್ಲಿ ಈ ಗುರುತುಗಳನ್ನು ಕಂಡಿತು. ಐದು ಸಣ್ಣ ಸಂಖ್ಯೆ. ಆದರೂ ‘ಲಘು’ ಎಂದರೆ ‘ಏನೂ ಆಗಿಲ್ಲ’ ಎಂದಲ್ಲ ಎಂಬುದಕ್ಕೆ ಅದು ಸಾಕು.

ವರ್ಷಗಳ ನಂತರವೂ

ಈ ಪ್ರಕ್ರಿಯೆ ಗಂಟೆಗಳಲ್ಲಿ ಮುಗಿಯುತ್ತದೆಯೆ? ಗ್ಲಾಸ್ಗೊದಲ್ಲಿ ಸಂಗ್ರಹಿಸಿಟ್ಟ ಮಿದುಳುಗಳ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಒಂದೇ ಒಂದು ಪೆಟ್ಟಿನ ನಂತರ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬದುಕಿದ್ದವರ ಪೈಕಿ ಶೇಕಡ 28 ಮಂದಿಯಲ್ಲಿ ಉರಿಯೂತದ ಕೋಶಗಳು ಬಿಳಿದ್ರವ್ಯದಲ್ಲಿ ಇನ್ನೂ ಚುರುಕಾಗಿದ್ದವು. ಕೆಲವರಲ್ಲಿ ಪೆಟ್ಟಾಗಿ 18 ವರ್ಷಗಳಾದ ಮೇಲೂ. ದೀರ್ಘಕಾಲ ಬದುಕಿದವರಲ್ಲಿ ಕಾರ್ಪಸ್ ಕ್ಯಾಲೋಸಮ್ಮಿನ ದಪ್ಪ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು.

ಈ ಅಂಕಿಗಳನ್ನು ಓದುವಾಗಲೂ ವಿಮರ್ಶೆಯ ಕಣ್ಣು ಬೇಕು. ಅಲ್ಲಿದ್ದವು ಸಾಮಾನ್ಯವಾಗಿ ತೀವ್ರ ಅಥವಾ ಮಧ್ಯಮ ಗಾಯದ ಪ್ರಕರಣಗಳು. ಉರಿಯೂತ ಶೇಕಡ 28ರಲ್ಲಿ ಇತ್ತೆಂದರೆ ಉಳಿದ 72ರಲ್ಲಿ ಇರಲಿಲ್ಲ ಎಂದೂ ಆಯಿತು. ಆಟದಲ್ಲಿ ಒಮ್ಮೆ ತಲೆ ತಗುಲಿದ ಪ್ರತಿ ಮಗುವಿನ ಮಿದುಳೂ ವರ್ಷಗಟ್ಟಲೆ ಕರಗುತ್ತದೆ ಎಂದು ಇದರಿಂದ ಹೇಳಲಾಗದು. ಲಘು ಪೆಟ್ಟಾದವರಲ್ಲಿ ಬಹುಮಂದಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಹಳೆಯ ವಿವರಣೆಯ ತಪ್ಪನ್ನು ತಿದ್ದಲು ಹೋಗಿ ಹೊಸ ಭಯವನ್ನು ಬಿತ್ತಬಾರದು.

ಬಣ್ಣದ ಚಿತ್ರಗಳನ್ನು ಎಷ್ಟು ನಂಬಬೇಕು?

ಬದುಕಿರುವವರಲ್ಲಿ ಈ ಗಾಯವನ್ನು ನೋಡುವ ಬಗೆ ಹೇಗೆ? ಸಿ.ಟಿ. ಸ್ಕ್ಯಾನಿನಲ್ಲಿ ರಕ್ತಸ್ರಾವ, ಮೂಳೆಯ ಬಿರುಕು ಚೆನ್ನಾಗಿ ಕಾಣುತ್ತವೆ. ಆಕ್ಸಾನಿನ ದಪ್ಪವೋ ಸುಮಾರು ಒಂದು ಮೈಕ್ರೋಮೀಟರ್. ಅದರ ಊತ ಸಿ.ಟಿ.ಗೆ ಎಟುಕದು. ‘ಸ್ಕ್ಯಾನ್ ನಾರ್ಮಲ್’ ಎಂದರೆ ತುರ್ತು ಶಸ್ತ್ರಚಿಕಿತ್ಸೆ ಬೇಕಾದಂಥದ್ದು ಕಂಡಿಲ್ಲ ಎಂದರ್ಥ, ಬಿಳಿದ್ರವ್ಯ ಕ್ಷೇಮ ಎಂದಲ್ಲ.

1994ರಲ್ಲಿ ಬಂದ ಡಿಫ್ಯೂಷನ್ ಟೆನ್ಸರ್ ಎಂ.ಆರ್.ಐ. ವಿಧಾನ ಆಸೆ ಹುಟ್ಟಿಸಿತು. ಬಿಳಿದ್ರವ್ಯದಲ್ಲಿ ನೀರಿನ ಅಣುಗಳು ತಂತುಗಳ ಉದ್ದಕ್ಕೆ ಸುಲಭವಾಗಿ, ಅಡ್ಡಕ್ಕೆ ಕಷ್ಟಪಟ್ಟು ಚಲಿಸುತ್ತವೆ. ಈ ದಿಕ್ಕಿನ ಒಲವನ್ನು 0ಯಿಂದ 1ರವರೆಗಿನ ಸಂಖ್ಯೆಯಾಗಿ ಸೂಚಿಸುತ್ತಾರೆ. ಸಂಖ್ಯೆ ಕುಸಿದರೆ ತಂತುಗಳಿಗೆ ಹಾನಿ ಎಂಬುದು ಸಾಮಾನ್ಯ ವ್ಯಾಖ್ಯಾನ. ಪತ್ರಿಕೆಗಳಲ್ಲಿ ಬರುವ, ಬಣ್ಣಬಣ್ಣದ ನೂಲಿನುಂಡೆಯಂಥ ಮಿದುಳಿನ ಚಿತ್ರಗಳು ಈ ಅಳತೆಯಿಂದ ಕಂಪ್ಯೂಟರು ಕಟ್ಟಿದವು. ಅವು ಆಕ್ಸಾನುಗಳ ಫೋಟೋಗಳಲ್ಲ.

ತೊಡಕು ಇಲ್ಲಿದೆ. ಸಾಮಾನ್ಯವಾಗಿ ಅಳೆಯುವ ಒಂದು ಘಟಕ ಸುಮಾರು 2 ಮಿಲಿಮೀಟರಿನ ಘನ. ಅದರೊಳಗೆ ಲಕ್ಷಗಟ್ಟಲೆ ಆಕ್ಸಾನ್‌ಗಳಿರುತ್ತವೆ. ಎರಡು ಕಟ್ಟುಗಳು ಅಡ್ಡಹಾಯುವ ಜಾಗದಲ್ಲಿ, ಎಲ್ಲವೂ ಆರೋಗ್ಯವಾಗಿದ್ದರೂ ಆ ಸಂಖ್ಯೆ ಕಡಿಮೆಯೇ. ವಯಸ್ಸು, ಊತ, ಸ್ಕ್ಯಾನ್ ಮಾಡುವಾಗ ತಲೆ ಅಲುಗುವುದು ಎಲ್ಲವೂ ಅದನ್ನು ಬದಲಿಸುತ್ತವೆ. ಪೆಟ್ಟಾದ ಮೊದಲ ದಿನಗಳಲ್ಲಿ ಕೆಲವು ಅಧ್ಯಯನಗಳಲ್ಲಿ ಸಂಖ್ಯೆ ಇಳಿದಿದೆ, ಕೆಲವುಗಳಲ್ಲಿ ಏರಿದೆ. ಗಾಯಗೊಂಡ 50 ಮಂದಿಯ ಸರಾಸರಿಯನ್ನು ಆರೋಗ್ಯವಂತ 50 ಮಂದಿಯ ಸರಾಸರಿಗೆ ಹೋಲಿಸಲು ಈ ವಿಧಾನ ಉಪಯುಕ್ತ. ಎದುರಿಗಿರುವ ಒಬ್ಬ ರೋಗಿಯ ಬಗ್ಗೆ ಇದೊಂದರಿಂದಲೇ ತೀರ್ಪು ಕೊಡುವುದು ದುಡುಕು. ಗುಂಪಿನ ಸರಾಸರಿಗೂ ವ್ಯಕ್ತಿಯ ಅಳತೆಗೂ ಇರುವ ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ತರಗತಿಗೆ ಒಳ್ಳೆಯ ಉದಾಹರಣೆ.

ರಕ್ತಪರೀಕ್ಷೆಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಅಮೆರಿಕದಲ್ಲಿ 2018ರಲ್ಲಿ ಅನುಮತಿ ಪಡೆದ ಪರೀಕ್ಷೆ ಎರಡು ಪ್ರೋಟೀನುಗಳನ್ನು ಅಳೆದು, ಸಿ.ಟಿ. ಸ್ಕ್ಯಾನ್ ಬೇಕೆ ಬೇಡವೆ ಎಂದು ನಿರ್ಧರಿಸಲು ನೆರವಾಗುತ್ತದೆ. ಸಿ.ಟಿ.ಗೆ ಕಾಣದ ಬಿಳಿದ್ರವ್ಯದ ಗಾಯವನ್ನು ಹುಡುಕುವುದು ಅದರ ಕೆಲಸವಲ್ಲ. ಆಕ್ಸಾನಿನಿಂದಲೇ ಸೋರುವ ನ್ಯೂರೊಫಿಲಮೆಂಟ್ ಎಂಬ ಪ್ರೋಟೀನಿನ ಮೇಲೆ ಸಂಶೋಧಕರ ಭರವಸೆ ಹೆಚ್ಚು.

ಆಸೆ ಮತ್ತು ಫಲ

ಹರಿದುಹೋಗುವುದಕ್ಕೂ ನಿಧಾನವಾಗಿ ಕಡಿಯುವುದಕ್ಕೂ ಇರುವ ಮುಖ್ಯ ವ್ಯತ್ಯಾಸ ಸಮಯ. ಕ್ಷಣದಲ್ಲಿ ಹರಿದದ್ದಕ್ಕೆ ಮದ್ದಿಲ್ಲ. ಗಂಟೆಗಳ ಕಾಲ ನಡೆಯುವ ಕ್ರಿಯೆಯನ್ನಾದರೆ ನಡುವೆ ತಡೆಯಬಹುದು. ಈ ಆಸೆಯಿಂದ ಅನೇಕ ಔಷಧಗಳ ಪ್ರಯೋಗ ನಡೆಯಿತು. ಫಲ ಮಾತ್ರ ನಿರಾಶಾದಾಯಕ. ತಲೆಪೆಟ್ಟಿಗೆ ದಶಕಗಳ ಕಾಲ ಕೊಡುತ್ತಿದ್ದ ಸ್ಟಿರಾಯ್ಡನ್ನು 10,008 ರೋಗಿಗಳಲ್ಲಿ ಪರೀಕ್ಷಿಸಿದಾಗ, ಎರಡು ವಾರಗಳೊಳಗಿನ ಸಾವು ಸ್ಟಿರಾಯ್ಡ್ ಪಡೆದವರಲ್ಲಿ ಶೇಕಡ 21.1, ಪಡೆಯದವರಲ್ಲಿ 17.9 ಎಂದು 2004ರಲ್ಲಿ ತಿಳಿಯಿತು. ಅಂದರೆ ಮದ್ದೇ ಮುಳುವಾಗಿತ್ತು. ಪ್ರಾಣಿಗಳಲ್ಲಿ ಫಲ ಕೊಟ್ಟಿದ್ದ ಪ್ರೊಜೆಸ್ಟೆರಾನ್ 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಸೋತಿತು. ಪ್ರಕ್ರಿಯೆ ತಿಳಿದ ಮಾತ್ರಕ್ಕೆ ಚಿಕಿತ್ಸೆ ತಾನಾಗಿ ಬರುವುದಿಲ್ಲ. ಈ ಸತ್ಯವನ್ನು ಮರೆಮಾಚಿ ‘ಪವಾಡ ಔಷಧ’ದ ಸುದ್ದಿ ಬರೆಯುವವರನ್ನು ಸಂಶಯದಿಂದಲೇ ಓದಿ.

ಗಾಯವನ್ನು ಹೆಸರಿಸುವ ಕ್ರಮವೂ ಪರಿಷ್ಕಾರದ ಹಾದಿಯಲ್ಲಿದೆ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಗ್ಲಾಸ್ಗೊ ಕೋಮಾ ಮಾಪಕ, ಕಣ್ಣು ತೆರೆಯುವುದು, ಮಾತು, ಚಲನೆ ಈ ಮೂರನ್ನು ನೋಡಿ ಪ್ರಜ್ಞೆಯ ಮಟ್ಟವನ್ನು ಅಳೆಯುತ್ತದೆ. ಆ ಕೆಲಸಕ್ಕೆ ಅದು ಇಂದಿಗೂ ಉತ್ತಮ ಸಾಧನ. ಆದರೆ 13ರಿಂದ 15 ಅಂಕ ಬಂದವರನ್ನೆಲ್ಲ ‘ಲಘು’ ಎಂದು ಕರೆಯುವ ರೂಢಿ ಬೆಳೆಯಿತು. ಪ್ರಜ್ಞೆಯ ಅಳತೆ ಹೀಗೆ ಗಾಯದ ಅಳತೆಯಾಗಿಬಿಟ್ಟಿತು. ಪ್ರಜ್ಞೆಯ ಜೊತೆಗೆ ರಕ್ತದ ಗುರುತುಗಳು, ಚಿತ್ರಣ ಮತ್ತು ವ್ಯಕ್ತಿಯ ಹಿನ್ನೆಲೆ ಇವನ್ನೂ ಪರಿಗಣಿಸುವ ಹೊಸ ಚೌಕಟ್ಟನ್ನು 2025ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಸೂಚಿಸಿದ್ದಾರೆ. ದಿಕ್ಕು ಸರಿಯಾದದ್ದೇ. ಆದರೆ ಎಂ.ಆರ್.ಐ. ಯಂತ್ರವೇ ಇಲ್ಲದ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದನ್ನು ಹೇಗೆ ಬಳಸುವುದು ಎಂಬ ಪ್ರಶ್ನೆಗೂ ಉತ್ತರ ಬೇಕು.

ಶಿಕ್ಷಕರು ಮಾಡಬಹುದಾದದ್ದು

ಮೊದಲನೆಯದಾಗಿ, ‘ಹರಿದುಹೋಗುತ್ತವೆ’ ಎಂಬ ವಾಕ್ಯವನ್ನು ತಿದ್ದಿ. ‘ತಲೆ ಥಟ್ಟನೆ ತಿರುಗಿದಾಗ ಆಕ್ಸಾನ್‌ಗಳು ಜಗ್ಗುತ್ತವೆ, ಜಗ್ಗಿದವುಗಳಲ್ಲಿ ಕೆಲವು ಗಂಟೆಗಳಲ್ಲಿ, ದಿನಗಳಲ್ಲಿ ಕಡಿಯುತ್ತವೆ, ಕೆಲವು ಚೇತರಿಸಿಕೊಳ್ಳುತ್ತವೆ’ ಎಂದು ಹೇಳಿದರೆ ಒಂದೇ ವಾಕ್ಯ ಉದ್ದವಾದೀತು, ಅರ್ಥ ಸರಿಯಾಗುತ್ತದೆ. ಬೆಂಗಳೂರಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಿರಾದರೆ ಮೊದಲೇ ವಿಚಾರಿಸಿಕೊಂಡು ನಿಮ್ಹಾನ್ಸಿನ ಮಿದುಳು ವಸ್ತುಸಂಗ್ರಹಾಲಯಕ್ಕೆ ಹೋಗಿ. ಸಂರಕ್ಷಿಸಿಟ್ಟ ಮಿದುಳುಗಳನ್ನು ನೋಡಿದ ಮೇಲೆ ‘ಇಲ್ಲಿ ಬರಿಗಣ್ಣಿಗೆ ಕಾಣದ ಗಾಯ ಯಾವುದು?’ ಎಂದು ಕೇಳಿ.

ಎರಡನೆಯದು ಮೈದಾನಕ್ಕೆ ಸಂಬಂಧಿಸಿದ್ದು. ಕಬಡ್ಡಿಯಲ್ಲೋ ಕ್ರಿಕೆಟ್ಟಿನಲ್ಲೋ ತಲೆಗೆ ಪೆಟ್ಟಾಗಿ ಮಂಕಾದ, ತಬ್ಬಿಬ್ಬಾದ, ತಲೆಸುತ್ತು ಎನ್ನುವ ಹುಡುಗನನ್ನು ಅಂದೇ ಮತ್ತೆ ಆಟಕ್ಕೆ ಇಳಿಸಬೇಡಿ. ಸಂಶಯವಿದ್ದರೂ ಸಾಕು, ಹೊರಗೆ ಕೂರಿಸಿ. ಒಂದೇ ಸಮನೆ ವಾಂತಿ, ಹೆಚ್ಚುತ್ತಿರುವ ತಲೆನೋವು, ತೂಕಡಿಕೆ, ಸೆಳವು, ಕೈಕಾಲು ಸೋಲು ಕಂಡರೆ ಕೂಡಲೆ ಆಸ್ಪತ್ರೆಗೆ ಒಯ್ಯಿರಿ. ಇವಿಲ್ಲದಿದ್ದರೂ ವೈದ್ಯರಿಗೆ ತೋರಿಸಿ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ಕ್ರೀಡಾವೈದ್ಯರ ಸಮ್ಮೇಳನದ ಸಲಹೆಯಂತೆ ಮೊದಲ 24ರಿಂದ 48 ಗಂಟೆ ಬಿಡುವು ಬೇಕು, ಆಮೇಲೆ ಹಂತಹಂತವಾಗಿ ಓದು, ಓಡಾಟ, ಕೊನೆಗೆ ಆಟ. ವಾರಗಟ್ಟಲೆ ಕತ್ತಲೆಕೋಣೆಯಲ್ಲಿ ಮಲಗಿಸುವ ಹಳೆಯ ಪದ್ಧತಿ ಬೇಕಿಲ್ಲ.

ಮೂರನೆಯದು ತರಗತಿಗೆ. ಅಪಘಾತವಾಗಿ ಶಾಲೆಗೆ ಮರಳಿದ ವಿದ್ಯಾರ್ಥಿ ಮೊದಲಿನಷ್ಟು ಬೇಗ ಲೆಕ್ಕ ಮಾಡದಿದ್ದರೆ, ಹೇಳಿದ್ದನ್ನು ಮರೆತರೆ, ಸಣ್ಣದಕ್ಕೂ ಸಿಡುಕಿದರೆ, ‘ಸ್ಕ್ಯಾನ್ ನಾರ್ಮಲ್ ಇದೆಯಲ್ಲ, ಸೋಮಾರಿತನ’ ಎಂದು ಬಯ್ಯುವ ಮೊದಲು ಬಿಳಿದ್ರವ್ಯವನ್ನು ನೆನಪಿಸಿಕೊಳ್ಳಿ. ಮಿದುಳಿನ ದೂರದೂರದ ಭಾಗಗಳನ್ನು ಬೆಸೆಯುವ ಎಳೆಗಳು ಸೊರಗಿದಾಗ ಮೊದಲು ಕುಂದುವುದು ವೇಗ ಮತ್ತು ಗಮನ. ಪರೀಕ್ಷೆಯಲ್ಲಿ ಅವನಿಗೆ ಸ್ವಲ್ಪ ಹೆಚ್ಚು ಸಮಯ ಕೊಡಿಸಿ, ಪಾಠವನ್ನು ಸಣ್ಣ ಸಣ್ಣ ಭಾಗಗಳಾಗಿ ಮಾಡಿ, ಪೋಷಕರಿಗೆ ವೈದ್ಯರನ್ನು ಮತ್ತೆ ಕಾಣಲು ತಿಳಿಸಿ.